ಸ್ಫಟಿಕದ ಕಟ್ಟೂ ಸೂಜಿಗಲ್ಲಿನ ಕಟ್ಟಳೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಕಾವ್ಯ, ಸಂಗೀತ, ನಾಡುನುಡಿಗಳ ವಿಚಾರವನ್ನು ಕೇಳುವುದು ನಮ್ಮೆಲ್ಲರಿಗೂ ರೂಢಿ. ವಿಜ್ಞಾನದ ಮಾತು ಇಲ್ಲಿ ಅಪರೂಪ. ಅದು ಕಾಲೇಜಿನ ಕೋಣೆಯಲ್ಲಿ, ಬೇರೊಂದು ಭಾಷೆಯಲ್ಲಿ ನಡೆಯತಕ್ಕ ವ್ಯವಹಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲವೆಂದು ವಾದಿಸುವುದಕ್ಕಿಂತ, ಕಠಿನವಾದ ಒಂದು ವಿಷಯವನ್ನೇ ಎತ್ತಿಕೊಂಡು ಕನ್ನಡದಲ್ಲಿ ಹೇಳಿನೋಡುವುದು ಮೇಲೆಂದು ನಮಗೆ ತೋರಿತು. ಆದುದರಿಂದ, ಸ್ಫಟಿಕಗಳ ಸಮ್ಮಿತಿಯನ್ನು ತಿಳಿದು ಆ ಮೂಲಕ ಅವುಗಳ ಕಾಂತತ್ವವನ್ನು ಅರಿಯುವ ಬಗೆ ಹೇಗೆಂಬುದನ್ನು ಈ ದಿನದ ವಿಷಯವಾಗಿ ಆರಿಸಿಕೊಂಡಿದ್ದೇವೆ. ಹೆಸರು ದೊಡ್ಡದಾದರೂ ಇದನ್ನು ತಿಳಿಯುವುದಕ್ಕೆ ಬೇಕಾದ ಸಾಮಗ್ರಿ ನಮ್ಮ ಮಗ್ಗದ ಗುಂಡಿಯಲ್ಲಿಯೂ ನಮ್ಮ ಸೀಮೆಯ ಕಲ್ಲುಗುಡ್ಡಗಳಲ್ಲಿಯೂ ಇದೆ.

ಮೊದಲು ಒಂದು ಪ್ರಶ್ನೆಯನ್ನು ಮುಂದಿಡುತ್ತೇವೆ. ಸೇಲಂ ಬಳಿಯ ಕಂಜಮಲೆಯಲ್ಲಿ ದೊರೆಯುವ ಕಪ್ಪು ಕಬ್ಬಿಣದ ಅದಿರಿನ ಪುಡಿಯ ಹತ್ತಿರಕ್ಕೆ ಸೂಜಿಗಲ್ಲನ್ನು ತಂದರೆ ಪುಡಿಯು ಎದ್ದು ಬಂದು ಅಂಟಿಕೊಳ್ಳುತ್ತದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಕೆಂಪು ಅದಿರಿನ ಪುಡಿಯ ಹತ್ತಿರಕ್ಕೆ ಅದೇ ಸೂಜಿಗಲ್ಲನ್ನು ತಂದರೆ ಅದು ಬಹುಮಟ್ಟಿಗೆ ಅಲುಗದೆ ಬಿದ್ದಿರುತ್ತದೆ. ಮೊದಲನೆಯದಕ್ಕೆ ಮ್ಯಾಗ್ನಟೈಟ್ ಎಂದೂ ಎರಡನೆಯದಕ್ಕೆ ಹೆಮಟೈಟ್ ಎಂದೂ ಹೆಸರು. ರಂಗವಲ್ಲಿಯ ಸುತ್ತ ಎಳೆಯುವ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಈ ಹೆಮಟೈಟೇ. ಈ ಎರಡು ಖನಿಜಗಳಲ್ಲಿಯೂ ಇರುವುದು ಕಬ್ಬಿಣ ಮತ್ತು ಆಮ್ಲಜನಕ ಮಾತ್ರ. ತೂಕದಲ್ಲಿ ನೂರಕ್ಕೆ ಸುಮಾರು ೭೨ ಪಾಲು ಕಬ್ಬಿಣ ಮೊದಲನೆಯದರಲ್ಲಿದ್ದರೆ, ಎರಡನೆಯದರಲ್ಲಿ ಸುಮಾರು ೭೦ ಪಾಲು ಇದೆ. ಇಷ್ಟು ಅಲ್ಪವಾದ ವ್ಯತ್ಯಾಸದಿಂದ ಅಷ್ಟು ದೊಡ್ಡ ಭೇದ ಹುಟ್ಟಲಾರದು. ಹಾಗಾದರೆ ಭೇದ ಎಲ್ಲಿಂದ ಬಂದಿತು? ಅದು ಪರಮಾಣುಗಳು ಕುಳಿತಿರುವ ಕ್ರಮದಿಂದ ಬಂದಿತೆಂಬುದೇ ಇಪ್ಪತ್ತನೆಯ ಶತಮಾನದ ವಿಜ್ಞಾನ ಕೊಟ್ಟ ಉತ್ತರ. ಈ ಉತ್ತರವನ್ನು ಹಂತಹಂತವಾಗಿ ನೋಡೋಣ.

ಸ್ಫಟಿಕವೆಂದರೆ ಒಂದೇ ಮಾದರಿಯು ಮೂರು ದಿಕ್ಕುಗಳಲ್ಲಿಯೂ ತಪ್ಪದೆ ಮರುಕಳಿಸುವ ಘನವಸ್ತು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದವರಲ್ಲಿ ನೆಯ್ಗೆಯ ದೇವಾಂಗರು ಬಹುಮಂದಿ. ಕೋರಾ ಸೀರೆಯ ಅಥವಾ ನೆಗಮಂ ಸೀರೆಯ ಅಂಚನ್ನು ಬಲ್ಲವರಿಗೆ ಈ ಮರುಕಳಿಕೆಯನ್ನು ವಿವರಿಸಬೇಕಾಗಿಲ್ಲ. ಅಂಚಿನ ಒಂದು ಹೂವನ್ನು ನಿರ್ದಿಷ್ಟ ದೂರ ಸರಿಸಿದರೆ ಅದು ಮುಂದಿನ ಹೂವಿನ ಮೇಲೆ ಸರಿಯಾಗಿ ಕೂರುತ್ತದೆ. ಕೆಲವು ಬುಟ್ಟಾಗಳನ್ನು ಅರ್ಧ ಸುತ್ತು ತಿರುಗಿಸಿದರೂ ಮೊದಲಿನಂತೆಯೇ ಕಾಣುತ್ತವೆ. ಕೆಲವಕ್ಕೆ ನಡುವೆ ಕನ್ನಡಿ ಇಟ್ಟರೆ ಎಡವು ಬಲವಾಗಿ ಹೊಂದುತ್ತದೆ. ಹೀಗೆ ಒಂದು ವಸ್ತುವಿಗೆ ಏನನ್ನಾದರೂ ಮಾಡಿಯೂ ಅದು ಮಾಡುವುದಕ್ಕೆ ಮುಂಚೆ ಇದ್ದಂತೆಯೇ ಕಾಣುವುದಾದರೆ ಆ ಗುಣಕ್ಕೆ ಸಮ್ಮಿತಿ ಎಂದು ಹೆಸರು. ಮೂರು ದಿಕ್ಕುಗಳಲ್ಲಿ ಮರುಕಳಿಸುವ ಮಾದರಿಗಳಿಗೆ ಇಂತಹ ಸಮ್ಮಿತಿಯ ಗುಂಪುಗಳು ಒಟ್ಟು ೨೩೦ ಮಾತ್ರವೆಂದು ರಷ್ಯದ ಫೆಡೊರೊವ್ ಮತ್ತು ಜರ್ಮನಿಯ ಷೋನ್‌ಫ್ಲೀಸ್ ೧೮೯೧ರಲ್ಲಿ ಎಣಿಸಿ ತೋರಿಸಿದರು. ಪ್ರಪಂಚದಲ್ಲಿ ಎಷ್ಟು ಬಗೆಯ ಸ್ಫಟಿಕಗಳಿದ್ದರೂ ಅವೆಲ್ಲವೂ ಈ ೨೩೦ ಗುಂಪುಗಳೊಳಗೇ ಅಡಗಬೇಕು.

ನಮ್ಮ ಸೀಮೆಯ ಒಂದು ಕಲ್ಲನ್ನು ಇಲ್ಲಿ ನೆನೆಯಬೇಕು. ತಿರುಪ್ಪೂರು ಜಿಲ್ಲೆಯ ಕಾಂಗೇಯದ ಬಳಿ ಶಿವನ್‌ಮಲೆ ಎಂಬ ಗುಡ್ಡವುಂಟು. ಅದರ ಬಂಡೆಗಳಲ್ಲಿ ಕುರುಂದದ ಹರಳುಗಳು ದೊರೆಯುತ್ತವೆ. ಭೂವಿಜ್ಞಾನಿ ಹಾಲೆಂಡರು ೧೯೦೧ರಲ್ಲಿ ಈ ಬಂಡೆಗಳನ್ನು ಕುರಿತು ವಿಸ್ತಾರವಾದ ವರದಿಯನ್ನು ಬರೆದಿದ್ದಾರೆ. ಸಾಣೆ ಹಿಡಿಯುವುದಕ್ಕೆ ಉಪಯೋಗವಾಗುವ ಈ ಗಟ್ಟಿ ಕಲ್ಲಿಗೆ ಜಗತ್ತೆಲ್ಲ ಈಗ ಹೇಳುವ ‘ಕೊರಂಡಮ್’ ಎಂಬ ಹೆಸರು ತಮಿಳಿನ ‘ಕುರುಂದಂ’ ಶಬ್ದದಿಂದಲೇ ಹೋದದ್ದು. ಕುರುಂದವು ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳಿಂದಾದುದು. ಅದಕ್ಕೆ ಕಾಂತತ್ವದ ಕಟ್ಟಳೆಯಿಲ್ಲ. ಆದರೆ ಅದರ ಕಟ್ಟಡವನ್ನು ಹಾಗೆಯೇ ಇಟ್ಟುಕೊಂಡು ಅಲ್ಯೂಮಿನಿಯಂ ಕುಳಿತ ಕಡೆಗಳಲ್ಲೆಲ್ಲ ಕಬ್ಬಿಣವನ್ನು ಕೂರಿಸಿದರೆ ಅದೇ ಸಂಡೂರಿನ ಹೆಮಟೈಟ್. ಕ್ರೋಮಿಯಂ ಅನ್ನು ಕೂರಿಸಿದರೆ ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್. ಮೂರಕ್ಕೂ ಸಮ್ಮಿತಿ ಒಂದೇ. ಈ ಮೂವರು ಒಡಹುಟ್ಟಿದವರನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ನಮ್ಮ ಕಥೆಯೆಲ್ಲ ಇವರದೇ.

ಇನ್ನು ಕಾಂತತ್ವದ ಮಾತು. ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸ್ ಮೊದಲಾದ ಲೋಹಗಳ ಪರಮಾಣುಗಳಲ್ಲಿ ಎಲೆಕ್ಟ್ರಾನುಗಳ ಗಿರಕಿಯ ದೆಸೆಯಿಂದ ಪ್ರತಿಯೊಂದು ಪರಮಾಣುವೂ ಒಂದು ಅಣುಗಾತ್ರದ ಸೂಜಿಗಲ್ಲಾಗಿರುತ್ತದೆ. ಶಾಖ ಹೆಚ್ಚಾಗಿರುವಾಗ ಇವು ಸಂತೆಯ ಜನರಂತೆ ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಶಾಖವು ಒಂದು ಮಿತಿಗಿಂತ ಇಳಿದೊಡನೆ ಅಕ್ಕಪಕ್ಕದವುಗಳು ಪರಸ್ಪರ ಪ್ರಭಾವದಿಂದ ಸಾಲುಗೂಡುತ್ತವೆ. ಇದೇ ಕಾಂತವ್ಯವಸ್ಥೆ. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದರೆ ಕಬ್ಬಿಣದಂತಹ ಬಲವಾದ ಕಾಂತವಾಗುವುದೆಂದು ಫ್ರಾನ್ಸಿನ ವೈಸ್ ೧೯೦೭ರಲ್ಲಿ ವಿವರಿಸಿದರು. ಒಂದು ಮೇಲಕ್ಕೆ, ಅದರ ನೆರೆಯದು ಕೆಳಕ್ಕೆ, ಹೀಗೆ ಇದಿರುಬದಿರಾಗಿ ಸಾಲುಗೂಡುವುದೂ ಸಾಧ್ಯವೆಂದು ಅದೇ ದೇಶದ ಲೂಯಿ ನೀಲ್ ೧೯೩೦ರ ದಶಕದಲ್ಲಿ ಹೇಳಿದರು. ಇಂತಹ ವಸ್ತುವಿನೊಳಗೆ ಕಟ್ಟಳೆ ಸಂಪೂರ್ಣವಾಗಿದ್ದರೂ ಹೊರಗೆ ಕಾಂತತ್ವ ತೋರುವುದಿಲ್ಲ. ೧೯೪೮ರಲ್ಲಿ ಅವರು ಮ್ಯಾಗ್ನಟೈಟಿನ ಗುಟ್ಟನ್ನೂ ಬಿಡಿಸಿದರು. ಅದರಲ್ಲಿ ಕಬ್ಬಿಣಕ್ಕೆ ಎರಡು ಬಗೆಯ ಮನೆಗಳು. ಒಂದು ಬಗೆಯವು ಎಂಟಾದರೆ ಇನ್ನೊಂದು ಬಗೆಯವು ಹದಿನಾರು. ಈ ಎರಡು ಪಕ್ಷಗಳೂ ಇದಿರುಬದಿರಾಗಿ ನಿಂತಿದ್ದರೂ ಬಲ ಸಮವಲ್ಲದ ಕಾರಣ ಹಗ್ಗ ಜಗ್ಗಾಟದಲ್ಲಿ ಒಂದು ಪಕ್ಷ ಗೆಲ್ಲುತ್ತದೆ. ಕಂಜಮಲೆಯ ಪುಡಿ ಅಂಟಿಕೊಳ್ಳುವುದು ಈ ಗೆಲುವಿನಿಂದ. ನೀಲ್ ಅವರಿಗೆ ೧೯೭೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹೊರಗೆ ತೋರದ ಕಟ್ಟಳೆ ಒಳಗೆ ಇದೆಯೆಂಬುದಕ್ಕೆ ಸಾಕ್ಷಿ ಏನು? ಮಗ್ಗದ ಸಾದಾ ನೆಯ್ಗೆಯನ್ನು ಮನಸ್ಸಿಗೆ ತಂದುಕೊಳ್ಳಿ. ಹಾಸಿನ ಒಂದು ನೂಲು ಹೊಕ್ಕಿನ ಮೇಲೆ ಹೋದರೆ ಪಕ್ಕದ ನೂಲು ಕೆಳಗೆ ಹೋಗುತ್ತದೆ. ದೂರದಿಂದ ನೋಡುವವರಿಗೆ ಎಲ್ಲ ನೂಲುಗಳೂ ಒಂದೇ ಸಮ. ಒಂದು ನೂಲಿನಷ್ಟು ಸರಿದರೆ ಬಟ್ಟೆ ಮೊದಲಿನಂತೆಯೇ ಇದೆಯೆನ್ನುತ್ತಾರೆ. ಹತ್ತಿರದಿಂದ ನೋಡುವ ನೇಕಾರನು ಹಾಗೆನ್ನುವುದಿಲ್ಲ. ಒಂದು ನೂಲು ಸರಿದರೆ ಮೇಲಿದ್ದುದು ಕೆಳಗಾಗುತ್ತದೆ. ಎರಡು ನೂಲು ಸರಿದರೆ ಮಾತ್ರ ಮಾದರಿ ಕೂಡುತ್ತದೆ. ಕ್ಷ-ಕಿರಣಗಳು ದೂರದಿಂದ ನೋಡುವವರಂತೆ. ಪರಮಾಣುವಿನ ಸ್ಥಾನ ಅವಕ್ಕೆ ತಿಳಿಯುತ್ತದೆ, ಅದರ ಕಾಂತಮುಖವು ಸಾಮಾನ್ಯವಾಗಿ ತಿಳಿಯುವುದಿಲ್ಲ. ನ್ಯೂಟ್ರಾನ್ ಕಣಗಳಾದರೋ ತಾವೇ ಸಣ್ಣ ಸೂಜಿಗಲ್ಲುಗಳಾದುದರಿಂದ ನೇಕಾರನಂತೆ ಮೇಲು ಕೆಳಗನ್ನು ಗುರುತಿಸುತ್ತವೆ. ೧೯೪೯ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಷಲ್ ಮತ್ತು ಸ್ಮಾರ್ಟ್ ಎಂಬವರು ತಣ್ಣಗಾಗಿಸಿದ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದಾಗ, ಕ್ಷ-ಕಿರಣಗಳು ಎಂದೂ ತೋರಿಸದಿದ್ದ ಹೊಸ ಗೆರೆಗಳು ಕಂಡವು. ಕಾಂತತ್ವದ ಮಾದರಿಯು ಪರಮಾಣುಗಳ ಮಾದರಿಗಿಂತ ಎರಡರಷ್ಟು ದೂರಕ್ಕೆ ಮರುಕಳಿಸುತ್ತಿತ್ತು. ನೀಲ್ ಊಹಿಸಿದ ಕಟ್ಟಳೆ ಹೀಗೆ ಪ್ರತ್ಯಕ್ಷವಾಯಿತು.

ಇಲ್ಲಿಂದ ಮುಂದೆ ಸಮ್ಮಿತಿಯ ಶಾಸ್ತ್ರಕ್ಕೆ ಹೊಸ ಹೊಣೆ ಬಂದಿತು. ಹೂವನ್ನು ಕನ್ನಡಿಗೆ ಹಿಡಿದಂತೆ ಕಾಂತವನ್ನು ಹಿಡಿಯಲಾಗದು. ಕಾಂತತ್ವವು ಸುತ್ತುವಿಕೆಯಿಂದ ಹುಟ್ಟಿದ ಗುಣ. ತಿರುಗುತ್ತಿರುವ ಬೀಸುವ ಕಲ್ಲಿನ ಪಕ್ಕದಲ್ಲಿ ಕನ್ನಡಿಯನ್ನು ನಿಲ್ಲಿಸಿದರೆ ಬಿಂಬದ ಕಲ್ಲು ವಿರುದ್ಧ ದಿಕ್ಕಿಗೆ ತಿರುಗುವಂತೆ ಕಾಣುತ್ತದೆ. ಅದೇ ಕನ್ನಡಿಯನ್ನು ಕಲ್ಲಿನ ಕೆಳಗೆ ನೆಲದ ಮೇಲೆ ಮಲಗಿಸಿದರೆ ಬಿಂಬವೂ ಕಲ್ಲು ತಿರುಗಿದ ಕಡೆಗೇ ತಿರುಗುತ್ತದೆ. ಪರಮಾಣುವಿನ ಕಾಂತಮುಖಕ್ಕೂ ಇದೇ ನಿಯಮ. ಇದರ ಜೊತೆಗೆ ಮತ್ತೊಂದು ಕ್ರಿಯೆಯನ್ನು ಸೇರಿಸಬೇಕು: ಸ್ಥಾನವನ್ನು ಕದಲಿಸದೆ ಮುಖವನ್ನು ಮಾತ್ರ ಹಿಂದುಮುಂದು ಮಾಡುವುದು. ಚದುರಂಗದ ಮಣೆಯನ್ನು ಒಂದು ಮನೆಯಷ್ಟು ಸರಿಸಿ, ಕಪ್ಪನ್ನು ಬಿಳಿಯಾಗಿಯೂ ಬಿಳಿಯನ್ನು ಕಪ್ಪಾಗಿಯೂ ಬದಲಿಸಿದರೆ ಮಾದರಿ ಮೊದಲಿನಂತೆ ಕೂಡುವುದಲ್ಲವೇ? ಈ ಎರಡು ಬಣ್ಣಗಳ ಸಮ್ಮಿತಿಯನ್ನು ರಷ್ಯದ ಶುಬ್ನಿಕೊವ್ ೧೯೫೧ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ಅದರ ಪ್ರಕಾರ ೨೩೦ ಗುಂಪುಗಳು ೧೬೫೧ ಆಗಿ ಬೆಳೆದವು. ಮರುಕಳಿಕೆಯನ್ನು ಬಿಟ್ಟು ದಿಕ್ಕುಗಳನ್ನಷ್ಟೇ ಗಣಿಸಿದರೆ ೩೨ ವರ್ಗಗಳು ೧೨೨ ಆದವು. ಆ ೧೨೨ರಲ್ಲಿ ಹೊರಗೆ ತೋರುವ ಕಾಂತತ್ವಕ್ಕೆ ಎಡೆಯಿರುವುದು ೩೧ರಲ್ಲಿ ಮಾತ್ರ. ಒಂದು ಸ್ಫಟಿಕದ ವರ್ಗ ಇಂಥದೆಂದು ತಿಳಿದರೆ, ತಕ್ಕಡಿಯನ್ನಾಗಲಿ ಸೂಜಿಯನ್ನಾಗಲಿ ಮುಟ್ಟುವುದಕ್ಕೆ ಮೊದಲೇ, ಇದು ಕಾಂತವಾಗಲಾರದೆಂದು ನಿಶ್ಚಯವಾಗಿ ಹೇಳಬಹುದು. ಎಷ್ಟು ಬಲದ ಕಾಂತವಾಗುವುದೆಂಬುದನ್ನು ಸಮ್ಮಿತಿ ಹೇಳದು. ಯಾವುದಕ್ಕೆ ಅಪ್ಪಣೆಯುಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಮಾತ್ರ ತಪ್ಪದೆ ಹೇಳುತ್ತದೆ.

ಈ ಶಾಸ್ತ್ರದ ನಿಜವಾದ ಪರೀಕ್ಷೆ ನಡೆದದ್ದು ನಮ್ಮ ಕೆಂಪು ಹೆಮಟೈಟಿನ ವಿಷಯದಲ್ಲಿ. ಹೆಮಟೈಟು ಇದಿರುಬದಿರಾದ ವ್ಯವಸ್ಥೆಯುಳ್ಳದ್ದು. ಆದುದರಿಂದ ಹೊರಗೆ ಕಾಂತತ್ವ ಸಂಪೂರ್ಣವಾಗಿ ಇಲ್ಲವಾಗಬೇಕಿತ್ತು. ಆದರೆ ಸೂಕ್ಷ್ಮವಾಗಿ ಅಳೆದವರಿಗೆ ಮ್ಯಾಗ್ನಟೈಟಿನ ನೂರರಲ್ಲೊಂದು ಪಾಲಿಗಿಂತಲೂ ಕಡಮೆಯಾದ ಕ್ಷೀಣ ಕಾಂತತ್ವವೊಂದು ಯಾವಾಗಲೂ ಕಾಣುತ್ತಿತ್ತು. ಇದು ಕಲ್ಲಿನೊಳಗೆ ಸೇರಿದ ಕಶ್ಮಲದ ಅಥವಾ ಕಟ್ಟಡದಲ್ಲಿನ ದೋಷದ ಫಲವೆಂದು ಹಲವರು ಭಾವಿಸಿದ್ದರು. ಎಷ್ಟು ಶುದ್ಧಮಾಡಿದರೂ ಅದು ಹೋಗಲಿಲ್ಲ. ೧೯೫೭ರಲ್ಲಿ ರಷ್ಯದ ಇನ್ನೂ ಎಳೆಯ ವಿಜ್ಞಾನಿ ಡ್ಜ್ಯಾಲೋಷಿನ್ಸ್ಕಿ, ಕೇವಲ ಸಮ್ಮಿತಿಯನ್ನು ಹಿಡಿದು ಈ ವ್ಯಾಜ್ಯವನ್ನು ತೀರ್ಮಾನಿಸಿದರು.

ಅವರ ತರ್ಕ ಹೀಗಿದೆ. ಹೆಮಟೈಟಿನ ಸ್ಫಟಿಕಕ್ಕೆ ಒಂದು ಮುಖ್ಯ ಅಕ್ಷವುಂಟು. ಅದರ ಸುತ್ತ ಮೂರನೆಯ ಒಂದು ಸುತ್ತು ತಿರುಗಿಸಿದರೆ ಮಾದರಿ ಕೂಡುತ್ತದೆ. ಪರಮಾಣುಗಳ ಕಾಂತಮುಖಗಳು ಈ ಅಕ್ಷದ ಉದ್ದಕ್ಕೂ ನಿಂತಿವೆಯೆನ್ನೋಣ. ಆಗ ಒಟ್ಟು ಕಾಂತತ್ವ ಪಕ್ಕಕ್ಕೆ ವಾಲುವಂತಿಲ್ಲ, ವಾಲಿದರೆ ಮೂರು ಗುಂಡಿನ ಒಲೆಯು ಒಂದು ಕಡೆಗೆ ಕುಸಿದಂತೆ ಮೂರರ ಸಮ್ಮಿತಿ ಕೆಡುತ್ತದೆ. ಅಕ್ಷದ ಉದ್ದಕ್ಕೂ ತೋರುವಂತಿಲ್ಲ, ಏಕೆಂದರೆ ಅಡ್ಡ ಅಕ್ಷಗಳ ಸುತ್ತ ಅರ್ಧ ಸುತ್ತು ತಿರುಗಿಸಿದಾಗ ಮೇಲಿನದು ಕೆಳಗಾಗುತ್ತದೆ. ಆದುದರಿಂದ ಕಾಂತತ್ವ ಸೊನ್ನೆ. ಈಗ ಕಾಂತಮುಖಗಳು ಅಕ್ಷಕ್ಕೆ ಅಡ್ಡವಾಗಿ ಮಲಗಿವೆಯೆನ್ನೋಣ. ಮಲಗಿದ ಕ್ಷಣದಲ್ಲಿಯೇ ಮೂರರ ಸಮ್ಮಿತಿ ಹೋಯಿತು. ಇನ್ನು ಎರಡು ಪಕ್ಷಗಳೂ ಪರಸ್ಪರ ಸರಿಯಾಗಿ ಬೆನ್ನು ತಿರುಗಿಸಿ ನಿಲ್ಲದೆ ಒಂದೇ ಕಡೆಗೆ ಎಳ್ಳಷ್ಟು ಬಾಗಿದರೂ ಹೊಸದಾಗಿ ಕೆಡುವ ಸಮ್ಮಿತಿ ಯಾವುದೂ ಉಳಿದಿಲ್ಲ. ತಡೆಯುವ ಕಟ್ಟಳೆಯಿಲ್ಲದಾಗ ಬಾಗುವಿಕೆ ಸಹಜವಾಗಿಯೇ ನಡೆಯುತ್ತದೆ. ಬಾಗಿದ ಕೋನವು ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲಿಗೂ ಕಡಮೆ. ಆದರೂ ಕ್ಷೀಣ ಕಾಂತತ್ವಕ್ಕೆ ಅಷ್ಟು ಸಾಕು. ಅನುಭವವೂ ಇದಕ್ಕೆ ಒಪ್ಪಿತು. ಸೊನ್ನೆಗಿಂತ ಸುಮಾರು ೧೩ ಡಿಗ್ರಿ ಕೆಳಗೆ ತಣಿಸಿದರೆ ಹೆಮಟೈಟಿನ ಕಾಂತಮುಖಗಳು ಎದ್ದು ಅಕ್ಷದ ಉದ್ದಕ್ಕೂ ನಿಲ್ಲುತ್ತವೆ. ಆಗ ಆ ಕ್ಷೀಣ ಕಾಂತತ್ವ ಮಾಯವಾಗುತ್ತದೆ. ಈ ಬದಲಾವಣೆಯನ್ನು ಮೊರಿನ್ ೧೯೫೦ರಲ್ಲಿಯೇ ಕಂಡಿದ್ದರು. ಬಾಗಿಸುವ ಬಲ ಹುಟ್ಟುವ ಬಗೆಯನ್ನು ಜಪಾನಿನ ಮೊರಿಯಾ ೧೯೬೦ರಲ್ಲಿ ವಿವರಿಸಿದರು. ಕಶ್ಮಲವೆಂದು ತಳ್ಳಿಹಾಕಿದ್ದ ಗುಣವು ಆ ಕಲ್ಲಿನ ಸ್ವಭಾವಸಿದ್ಧವಾದ ಹಕ್ಕೆಂದು ಹೀಗೆ ಸಿದ್ಧವಾಯಿತು.

ಇನ್ನು ಒಡಹುಟ್ಟಾದ ಕ್ರೋಮಿಯಂ ಆಕ್ಸೈಡಿನ ಕಥೆ. ‘ಕನಕ’, ‘ನಯನ’, ‘ವಿಕಟಕವಿ’ ಎಂಬ ಶಬ್ದಗಳನ್ನು ಹಿಂದಿನಿಂದ ಓದಿದರೂ ಅವೇ ಆಗುತ್ತವೆ. ನಮ್ಮ ಕವಿಗಳು ಇದನ್ನು ಗತಪ್ರತ್ಯಾಗತವೆಂದು ಕರೆದರು. ಹೆಮಟೈಟಿನ ಒಂದು ಘಟಕದಲ್ಲಿ ಅಕ್ಷದ ಉದ್ದಕ್ಕೆ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಅವುಗಳ ಮುಖಗಳ ಕ್ರಮ: ಮೇಲೆ, ಕೆಳಗೆ, ಕೆಳಗೆ, ಮೇಲೆ. ಹಿಂದಿನಿಂದ ಓದಿದರೂ ಇದೇ ಕ್ರಮ. ಕ್ರೋಮಿಯಂ ಆಕ್ಸೈಡಿನಲ್ಲಾದರೋ ಕ್ರಮ ಬೇರೆ: ಮೇಲೆ, ಕೆಳಗೆ, ಮೇಲೆ, ಕೆಳಗೆ. ಇದನ್ನು ಹಿಂದಿನಿಂದ ಓದಿದರೆ ಪ್ರತಿಯೊಂದೂ ತಿರುಗುಮುರುಗು. ಮುಖಗಳನ್ನೂ ಹಿಂದುಮುಂದು ಮಾಡಿದರೆ ಮಾತ್ರ ಕೂಡುತ್ತದೆ. ಈ ಸಣ್ಣ ಭೇದದಿಂದ ದೊಡ್ಡ ಫಲವುಂಟಾಯಿತು. ಇಂತಹ ಸಮ್ಮಿತಿಯಲ್ಲಿ ವಿದ್ಯುತ್ತಿಗೂ ಕಾಂತಕ್ಕೂ ಕೈಹಿಡಿದು ನಡೆಯುವ ಅಪ್ಪಣೆಯಿರುವುದರಿಂದ, ಈ ಸ್ಫಟಿಕಕ್ಕೆ ವಿದ್ಯುತ್ತಿನ ಒತ್ತಡ ಕೊಟ್ಟರೆ ಕಾಂತತ್ವ ಹುಟ್ಟಬೇಕೆಂದು ಡ್ಜ್ಯಾಲೋಷಿನ್ಸ್ಕಿ ೧೯೫೯ರಲ್ಲಿ ಮುಂದಾಗಿಯೇ ಹೇಳಿದರು. ೧೯೬೦ರಲ್ಲಿ ಆಸ್ಟ್ರೋವ್ ಪ್ರಯೋಗ ಮಾಡಿ ಅದನ್ನು ಕಂಡರು. ಹೆಮಟೈಟಿಗೆ ಈ ಅಪ್ಪಣೆಯಿಲ್ಲ. ಮತ್ತೊಂದು ವಿನೋದವುಂಟು: ಕ್ರೋಮಿಯಂ ಆಕ್ಸೈಡಿನ ಕಟ್ಟಳೆ ಕರಗುವ ಶಾಖ ಸುಮಾರು ೩೪ ಡಿಗ್ರಿ. ಕೊಯಮತ್ತೂರಿನ ಮಾರ್ಗಶಿರದ ಮುಂಜಾನೆಯಲ್ಲಿ ಶಿಸ್ತಾಗಿ ನಿಂತ ಈ ಪರಮಾಣುಗಳು ಚೈತ್ರದ ಸುಡು ಮಧ್ಯಾಹ್ನದಲ್ಲಿ ಚದರಿಹೋಗುತ್ತವೆ.

ಈ ವಿದ್ಯೆಯಲ್ಲಿ ನಮ್ಮ ದೇಶದವರ ಪಾಲೂ ಕಡಮೆಯದಲ್ಲ. ತಮಿಳುನಾಡಿನ ವತ್ರಾಪ್‌ನಲ್ಲಿ ೧೮೯೮ರಲ್ಲಿ ಹುಟ್ಟಿದ ಕೆ. ಎಸ್. ಕೃಷ್ಣನ್ ಅವರು ಢಾಕಾದಲ್ಲಿಯೂ ಕಲ್ಕತ್ತೆಯಲ್ಲಿಯೂ ಸಣ್ಣ ಸ್ಫಟಿಕಗಳನ್ನು ಅತಿ ನವುರಾದ ಎಳೆಗೆ ಕಟ್ಟಿ ಕಾಂತಕ್ಷೇತ್ರದಲ್ಲಿ ತೂಗಹಾಕಿ, ದಿಕ್ಕಿನಿಂದ ದಿಕ್ಕಿಗೆ ಅವುಗಳ ಕಾಂತಗುಣ ಹೇಗೆ ಬದಲಾಗುವುದೆಂಬುದನ್ನು ಅಳೆದರು. ರಾಮನ್ನರ ಶಿಷ್ಯರಾದ ಎಸ್. ಭಗವಂತಂ ಅವರು ೧೯೫೭ರಿಂದ ೧೯೬೨ರ ವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು. ಅವರು ಪಿ. ವಿ. ಪಂತುಲು ಅವರೊಡನೆ ಸೇರಿ ಕಾಂತಸಮ್ಮಿತಿಯನ್ನೂ ಸ್ಫಟಿಕಗಳ ಗುಣಗಳನ್ನೂ ಕುರಿತು ಬರೆದ ಲೇಖನ ೧೯೬೪ರಲ್ಲಿ, ಬೆಂಗಳೂರಿನಿಂದ ಹೊರಡುವ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಫಟಿಕಸಮ್ಮಿತಿಯನ್ನು ಕುರಿತ ಅವರ ಗ್ರಂಥ ೧೯೬೬ರಲ್ಲಿ ಬಂದಿತು. ಮುಂಬಯಿಯ ಟ್ರಾಂಬೆಯಲ್ಲಿ ೧೯೫೬ರಲ್ಲಿ ‘ಅಪ್ಸರಾ’ ಪರಮಾಣುಸ್ಥಾವರ ಆರಂಭವಾದ ಮೇಲೆ ನ್ಯೂಟ್ರಾನುಗಳಿಂದ ಕಾಂತವ್ಯವಸ್ಥೆಯನ್ನು ನೋಡುವ ಕೆಲಸಕ್ಕೆ ನಮ್ಮಲ್ಲಿಯೂ ದಾರಿಯಾಯಿತು. ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾವ್ ಅವರು ವಿಜ್ಞಾನ ಮಂದಿರದಲ್ಲಿಯೂ, ೧೯೮೯ರಲ್ಲಿ ಸ್ಥಾಪಿತವಾದ ನೆಹರು ಸಂಶೋಧನ ಕೇಂದ್ರದಲ್ಲಿಯೂ ಮ್ಯಾಂಗನೀಸ್ ಮೊದಲಾದ ಲೋಹಗಳ ಆಕ್ಸೈಡುಗಳನ್ನು ದೀರ್ಘಕಾಲ ಸಂಶೋಧಿಸಿ ಲೋಕಮಾನ್ಯರಾದರು.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಈ ಊರೇ ಉತ್ತರ. ಕೊಯಮತ್ತೂರಿನಲ್ಲಿ ೧೯೩೭ರಲ್ಲಿ ಜಿ. ಡಿ. ನಾಯುಡು ಮತ್ತು ಬಾಲಸುಂದರಂ ನಾಯುಡು ಅವರು ವಿದ್ಯುತ್ ಮೋಟಾರನ್ನು ತಯಾರಿಸಿದಂದಿನಿಂದ ಮೋಟಾರು, ಪಂಪುಗಳು ಇಲ್ಲಿನ ಅನೇಕ ಸಂಸಾರಗಳ ಅನ್ನವಾಗಿವೆ. ಕಬ್ಬಿಣದ ಸ್ಫಟಿಕವು ಘನಾಕಾರದ್ದು. ಘನದ ಅಂಚಿನ ದಿಕ್ಕಿನಲ್ಲಿ ಅದು ಸುಲಭವಾಗಿ ಕಾಂತವಾಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಕಾಂತವು ಒಂದೇ ಗೆರೆಯಲ್ಲಿ ಹೋಗಿಬರುವುದರಿಂದ ಅದರ ಉಕ್ಕಿನ ತಗಡಿನಲ್ಲಿ ಕಣಗಳ ಅಂಚುಗಳೆಲ್ಲ ಆ ಗೆರೆಗೆ ಹೊಂದುವಂತೆ ಮಾಡುತ್ತಾರೆ. ಮೋಟಾರಿನಲ್ಲಿ ಕಾಂತಕ್ಷೇತ್ರವು ಸುತ್ತುವುದರಿಂದ ಕಣಗಳು ಎಲ್ಲ ದಿಕ್ಕಿಗೂ ಹರಡಿರುವ ತಗಡು ಬೇಕು. ಧ್ವನಿವರ್ಧಕದ ಹಿಂದಿರುವ ಕಪ್ಪು ಕಾಂತದ ಸ್ಫಟಿಕವಾದರೋ ಷಟ್ಕೋನಾಕಾರದ್ದು. ಅದಕ್ಕೆ ಪ್ರಿಯವಾದ ಅಕ್ಷ ಒಂದೇ ಆದುದರಿಂದ ಅದು ಹಿಡಿದ ದಿಕ್ಕನ್ನು ಸುಲಭವಾಗಿ ಬಿಡುವುದಿಲ್ಲ.

ಶಾಸ್ತ್ರವು ಇಲ್ಲಿಗೆ ಮುಗಿದಿಲ್ಲ. ಹೊರಗೆ ಕಾಂತತ್ವ ತೋರದಿದ್ದರೂ ಎಲೆಕ್ಟ್ರಾನುಗಳ ಮಟ್ಟಿಗೆ ಕಾಂತದಂತೆ ವರ್ತಿಸುವ ಒಂದು ವರ್ಗವಿದೆಯೆಂದು ಕೇವಲ ಸಮ್ಮಿತಿಯ ಗಣನೆಯಿಂದ ತೋರಿಸಿ ಯೂರೋಪಿನ ವಿಜ್ಞಾನಿಗಳು ೨೦೨೨ರಲ್ಲಿ ಅದಕ್ಕೆ ‘ಆಲ್ಟರ್‌ಮ್ಯಾಗ್ನೆಟ್’ ಎಂದು ಹೆಸರಿಟ್ಟರು. ೨೦೨೪ರಲ್ಲಿ ಮ್ಯಾಂಗನೀಸ್ ಟೆಲ್ಯುರೈಡಿನಲ್ಲಿ ಅದರ ಗುರುತುಗಳು ಕಂಡವು. ನಮ್ಮ ಹೆಮಟೈಟು ಸಹ ಸಮ್ಮಿತಿಯ ದೃಷ್ಟಿಯಿಂದ ಈ ವರ್ಗಕ್ಕೆ ಸೇರತಕ್ಕದ್ದು.

ಮಹನೀಯರೇ, ಹೆಮಟೈಟಿನ ಕಥೆಯನ್ನು ಹೇಳುವಾಗ ನಮ್ಮ ಮನಸ್ಸಿಗೆ ಗಡಿಯ ಕನ್ನಡ ಬಾರದೆ ಇರಲಿಲ್ಲ. ತಮಿಳಿನ ನೆರೆಯಲ್ಲಿ ತಲೆಮಾರುಗಳಿಂದ ಬಾಳಿದ ನಮ್ಮ ಮನೆಮಾತನ್ನು ಕೇಳಿದವರು ಅದರ ಬ���ಗುಬಳುಕುಗಳನ್ನು ಕಲಬೆರಕೆಯೆಂದು ಎಣಿಸುವುದುಂಟು. ಅದು ನಿಂತ ಸ್ಥಳದಿಂದಲೇ ಬಂದ ಅದರ ಸ್ವಭಾವವಿರಬಹುದೆಂದು ಯೋಚಿಸುವವರು ಕಡಮೆ. ದೃಷ್ಟಾಂತವನ್ನು ಇದಕ್ಕಿಂತ ಹೆಚ್ಚು ಎಳೆಯುವುದು ಉಚಿತವಲ್ಲ. ಕಲ್ಲು ಕಲ್ಲೇ, ನುಡಿ ನುಡಿಯೇ. ಆದರೆ ಒಂದನ್ನು ಕಶ್ಮಲವೆಂದು ತಳ್ಳುವ ಮುಂಚೆ ಅದರ ಕಟ್ಟನ್ನು ನೋಡಬೇಕೆಂಬ ವಿವೇಕ ಎರಡು ಕಡೆಗೂ ಸಲ್ಲುತ್ತದೆ.

ವಿದ್ಯಾರ್ಥಿಗಳಿಗೆ ನಮ್ಮ ಕೊನೆಯ ಮಾತು. ಮನೆಯಲ್ಲಿ ಮಗ್ಗವಿದ್ದರೆ ಅದರ ಬಳಿ ಕುಳಿತು, ಎಷ್ಟು ನೂಲು ಸರಿದರೆ ಮಾದರಿ ಕೂಡುವುದೆಂದು ಎಣಿಸಿರಿ. ಮಗ್ಗವಿಲ್ಲದವರು ತಾಯಿಯ ಸೀರೆಯ ಅಂಚನ್ನಾಗಲಿ ಅಂಗಳದ ರಂಗವಲ್ಲಿಯನ್ನಾಗಲಿ ನೋಡಿ, ಯಾವ ತಿರುಗಿಗೆ, ಯಾವ ಕನ್ನಡಿಗೆ ಅದು ಹೊಂದುವುದೆಂದು ಪಟ್ಟಿ ಮಾಡಿರಿ. ಆ ಪಟ್ಟಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಮುಂದೆ ಯಾವ ಭಾಷೆಯ ಪುಸ್ತಕದಲ್ಲಿ ಈ ಶಾಸ್ತ್ರ ಇದಿರಾದರೂ ಅದು ನಿಮಗೆ ಅಪರಿಚಿತವಾಗದು.